ಕಂಪ್ಯೂಟರ್ ಟೈಮ್ ತಪ್ಪು ತೋರಿಸ್ತಿದ್ಯಾ? ತಿದ್ದೋಕೆ ಮೊದ್ಲು ಎಷ್ಟು ತಪ್ಪಿದೆ ಅಂತ ಬರ್ಕೊಳ್ಳಿ

ಹೋದ ಮಳೆಗಾಲದಲ್ಲಿ ಶಿರಸಿಯ ಒಂದು ಅಡಿಕೆ ವಖಾರಿಯಿಂದ ಫೋನ್ ಬಂತು, ನೆಟ್ ಹೋಗಿದೆ ಬಂದು ನೋಡಿ ಅಂತ. ಹೋಗಿ ನೋಡಿದ್ರೆ ನೆಟ್ ಇದೆ, ರೌಟರಿನ ಲೈಟ್ ಎಲ್ಲಾ ಸರಿಯಾಗೇ ಉರೀತಿದೆ, ಆದ್ರೆ ಯಾವ ಸೈಟ್ ತೆಗೆದ್ರೂ ಬ್ರೌಸರ್ ಮಾತ್ರ ಈ ಕನೆಕ್ಷನ್ ಸುರಕ್ಷಿತ ಅಲ್ಲ ಅಂತ ಕೆಂಪು ಗುರುತು ತೋರಿಸಿ ನಿಂತ್ಬಿಡ್ತಿದೆ. ಕೆಳಗೆ ಬಲಗಡೆ ಮೂಲೆ ನೋಡಿದೆ. 2015 ಜನವರಿ 1, ಬೆಳಗಿನ ಜಾವ 12 ಗಂಟೆ 9 ನಿಮಿಷ. ಲೆಕ್ಕ ಬರೆಯೋ ಹಿರಿಯರು ಪಕ್ಕದಲ್ಲೇ ಇದ್ರು, "ಅದು ದಿನಾ ಹಂಗೇಯಾ ತಮಾ, ಬೆಳಿಗ್ಗೆ ಬಂದಕೂಡ್ಲೆ ಆನೇ ಸರಿ ಮಾಡ್ತಿ, ಇವತ್ತು ಮರ್ತೋತು" ಅಂದ್ರು.

ಸೈಟ್ ಯಾಕೆ ತೆಗೀಲಿಲ್ಲ ಅಂದ್ರೆ, ಈಗಿನ ಹೆಚ್ಚುಕಮ್ಮಿ ಎಲ್ಲಾ ಸೈಟಿಗೂ ಒಂದು ಸರ್ಟಿಫಿಕೇಟ್ ಇರತ್ತೆ, ಅದ್ರಲ್ಲಿ ಇಂಥ ತಾರೀಕಿಂದ ಇಂಥ ತಾರೀಕಿನ ತನಕ ಅಂತ ಅವಧಿ ಬರೆದಿರತ್ತೆ, ಬ್ರೌಸರ್ ಅದನ್ನ ನಿಮ್ಮ ಕಂಪ್ಯೂಟರಿನ ಗಡಿಯಾರಕ್ಕೆ ಹೋಲಿಸಿ ನೋಡತ್ತೆ. ಕಂಪ್ಯೂಟರ್ 2015ರಲ್ಲಿ ಕೂತಿದ್ರೆ ಈ ವರ್ಷದ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ ಅನ್ನೋ ಲೆಕ್ಕ. ಹಾಗಾಗಿ ನೆಟ್ ಇಲ್ಲ ಅಂತ ಯಾರಾದ್ರೂ ಕರೆದ್ರೆ ನಾನು ವೈರ್ ಮುಟ್ಟೋಕೆ ಮೊದ್ಲು ಆ ಮೂಲೆಯ ತಾರೀಕು ನೋಡ್ತೀನಿ.

ಅವರು ಆರು ತಿಂಗಳಿಂದ ದಿನಾ ಕೈಯಲ್ಲೇ ತಿದ್ದಿಕೊಂಡು ಬರ್ತಿದ್ರಂತೆ. ಮಧ್ಯೆ ಒಂದು ದಿನ ತಿಂಗಳು ತಪ್ಪು ಹೊಡೆದು, ಆವತ್ತಿನ ಚಾಲಿ ಅಡಿಕೆಯ ಬಿಲ್ಲೆಲ್ಲಾ ಬೇರೆ ತಿಂಗಳಿಗೆ ಹೋಗಿ ಕೂತು, ಜಿಎಸ್‌ಟಿ ರಿಟರ್ನ್ ಹಾಕೋ ಹೊತ್ತಿಗೆ ಅದನ್ನ ಹುಡುಕಿ ಸರಿ ಮಾಡೋಕೆ ಎರಡು ಸಂಜೆ ಹೋಗಿತ್ತು. ಅದಕ್ಕೇ ಇದನ್ನ ಬರೀತಿದ್ದೀನಿ. ಟೈಮ್ ತಪ್ಪಾದಾಗ ಎಲ್ರೂ ಮಾಡೋ ಮೊದಲ ಕೆಲಸ ತಿದ್ದೋದು, ತಿದ್ದಿದ ಕೂಡ್ಲೇ ಎಷ್ಟು ತಪ್ಪಿತ್ತು ಅನ್ನೋ ಸಾಕ್ಷಿ ಅಳಿಸಿ ಹೋಗತ್ತೆ, ಆದ್ರೆ ದೋಷ ಎಲ್ಲಿದೆ ಅಂತ ಹೇಳೋದೇ ಆ ವ್ಯತ್ಯಾಸ. ಮೊಬೈಲ್ ಪಕ್ಕದಲ್ಲಿಟ್ಟು ಸ್ಕ್ರೀನಿನ ಒಂದು ಫೋಟೋ ಹೊಡ್ಕೊಳ್ಳಿ, ಆಮೇಲೆ ಬೇಕಾದ್ರೆ ತಿದ್ದಿ.

ಗಡಿಯಾರ ಒಂದಲ್ಲ, ಎರಡು

ಇದು ಗೊತ್ತಿಲ್ದೆ ಮುಂದಿನದ್ದು ಯಾವುದೂ ತಲೆಗೆ ಹೋಗಲ್ಲ. ಮದರ್‌ಬೋರ್ಡ್, ಅಂದ್ರೆ ಕಂಪ್ಯೂಟರ್ ಒಳಗಿನ ಮುಖ್ಯ ಬೋರ್ಡ್ ಮೇಲೆ ಒಂದು ಸಣ್ಣ ಗಡಿಯಾರ ಇದೆ, ಆರ್‌ಟಿಸಿ (ರಿಯಲ್ ಟೈಮ್ ಕ್ಲಾಕ್) ಅಂತಾರೆ. ಬೋರ್ಡ್ ಮೇಲೇ ಇರೋ ಒಂದು ಸಣ್ಣ ಬ್ಯಾಟರಿ ಸೆಲ್ಲಿನ ಆಸರೆಯಿಂದ ಕಂಪ್ಯೂಟರ್ ಆಫ್ ಇದ್ರೂ ಅದು ಓಡ್ತಾನೇ ಇರತ್ತೆ. ಅದರ ಒಳಗೆ ಟ್ಯೂನಿಂಗ್ ಫೋರ್ಕ್ ಆಕಾರದ ಒಂದು ಚೂರು ಕ್ವಾರ್ಟ್ಸ್ ಹರಳು ಸೆಕೆಂಡಿಗೆ 32,768 ಸಲ ಅದುರತ್ತೆ. ಈ ಸಂಖ್ಯೆ ಯಾಕೆ ಅಂದ್ರೆ ಇದನ್ನ ಎರಡರಿಂದ ಹದಿನೈದು ಸಲ ಭಾಗಿಸಿದ್ರೆ ಸರಿಯಾಗಿ 1 ಬರತ್ತೆ, ಅಂದ್ರೆ ಸೆಕೆಂಡಿಗೆ ಒಂದು ಟಿಕ್. ಕೈಗೆ ಕಟ್ಟೋ ಕ್ವಾರ್ಟ್ಸ್ ವಾಚಲ್ಲಿ ಇರೋದೂ ಇಂಥದ್ದೇ ಹರಳು. 1981ರಲ್ಲಿ ಬಂದ ಮೊದಲ ಐಬಿಎಂ ಪಿಸಿಯಲ್ಲಿ ಈ ಬ್ಯಾಟರಿ ಗಡಿಯಾರ ಇರ್ಲೇ ಇಲ್ಲ, ಪ್ರತೀ ಸಲ ಆನ್ ಮಾಡಿದಾಗ ತಾರೀಕು, ಟೈಮ್ ಎರಡನ್ನೂ ಕೈಯಲ್ಲಿ ಟೈಪ್ ಮಾಡ್ಬೇಕಿತ್ತು, 1984ರ ಪಿಸಿ ಎಟಿಯಿಂದ ಅದು ಬೋರ್ಡ್ ಮೇಲೇ ಬಂತು.

ಎರಡನೇ ಗಡಿಯಾರ ಆಪರೇಟಿಂಗ್ ಸಿಸ್ಟಮ್ಮಿಂದು. ವಿಂಡೋಸ್ ಇರ್ಲಿ, ಅದರ ಬದಲಿಗೆ ಕೆಲವ್ರು ಹಾಕೋ ಲಿನಕ್ಸ್ ಇರ್ಲಿ, ಶುರುವಾಗುವಾಗ ಬೋರ್ಡಿನ ಗಡಿಯಾರವನ್ನ ಒಂದ್ಸಲ ಓದ್ಕೊಂಡು, ಆಮೇಲೆ ಪ್ರೊಸೆಸರ್ ಮತ್ತು ಬೋರ್ಡಿನ ಬೇರೆ ಕೌಂಟರ್‌ಗಳನ್ನ ನೋಡ್ಕೊಂಡು ತನ್ನ ಪಾಡಿಗೆ ತಾನು ಎಣಿಸ್ತಾ ಹೋಗತ್ತೆ. ಮೂಲೆಯಲ್ಲಿ ಕಾಣೋದು ಈ ಎರಡನೇದ್ದು. ನೆಟ್ ಇದ್ರೆ ಆಗಾಗ ಹೊರಗಿನ ಸರ್ವರ್ ಕೇಳಿ ತನ್ನನ್ನ ತಿದ್ಕೊಳ್ಳತ್ತೆ. ಹಾಗಾಗಿ ತಪ್ಪು ಯಾವ ಗಡಿಯಾರದ್ದು ಅನ್ನೋದೇ ಮೊದಲ ಪ್ರಶ್ನೆ, ಅದು ಗೊತ್ತಾಗದೇ ಅಂಗಡಿಗೆ ಓಡಿ ಸೆಲ್ ತರೋದು, ವಿಂಡೋಸ್ ಮತ್ತೆ ಹಾಕ್ಸೋದು ಎಲ್ಲಾ ದುಡ್ಡು ದಂಡ.

ವ್ಯತ್ಯಾಸ ಏನು ಹೇಳತ್ತೆ

ತಪ್ಪು ಸರಿಯಾಗಿ 5 ಗಂಟೆ 30 ನಿಮಿಷ ಇದ್ಯಾ? ನಿಮಿಷ ಸೆಕೆಂಡ್ ಎಲ್ಲಾ ಸರಿ ಇದ್ದು ಬರೀ ಐದೂವರೆ ಗಂಟೆ ಮಾತ್ರ ಆಚೀಚೆ? ಹಾಗಿದ್ರೆ ಸೆಲ್ ಮುಟ್ಬೇಡಿ, ನಿಮ್ಮ ಹಾರ್ಡ್‌ವೇರ್ ಗಟ್ಟಿಯಾಗಿದೆ. ನಮ್ಮ ಭಾರತೀಯ ಕಾಲಮಾನ ವಿಶ್ವಮಾನ ಸಮಯಕ್ಕಿಂತ (ಯುಟಿಸಿ) ಐದೂವರೆ ಗಂಟೆ ಮುಂದೆ. ಲಿನಕ್ಸ್ ಬೋರ್ಡಿನ ಗಡಿಯಾರದಲ್ಲಿ ವಿಶ್ವಮಾನ ಸಮಯ ಇಡತ್ತೆ, ವಿಂಡೋಸ್ ಅಲ್ಲೇ ಸ್ಥಳೀಯ ಸಮಯ ಇಡತ್ತೆ, ಒಂದೇ ಲ್ಯಾಪ್‌ಟಾಪಲ್ಲಿ ಎರಡೂ ಹಾಕಿದ್ರೆ ಒಬ್ಬರು ಬರೆದಿದ್ದನ್ನ ಇನ್ನೊಬ್ರು ತಪ್ಪು ಓದ್ತಾರೆ. ಕುಮಟಾದ ಒಬ್ಬ ಡಿಗ್ರಿ ಹುಡುಗ ಇದೇ ಕಾರಣಕ್ಕೆ ಎರಡು ಸಲ ಸೆಲ್ ಬದಲಾಯಿಸಿ ಆಮೇಲೆ ನನ್ನ ಹತ್ರ ಬಂದಿದ್ದ. ಲಿನಕ್ಸಿಂದ ಬಂದು ವಿಂಡೋಸ್ ತೆಗೆದಾಗ ಐದೂವರೆ ಗಂಟೆ ಹಿಂದೆ, ವಿಂಡೋಸ್ ಅದನ್ನ ತಿದ್ದಿ ಬರೆದ ಮೇಲೆ ಲಿನಕ್ಸಿಗೆ ಹೋದ್ರೆ ಐದೂವರೆ ಗಂಟೆ ಮುಂದೆ, ಈ ಹಿಂದೆ ಮುಂದೆ ನೋಡಿದ್ರೇ ಗೊತ್ತಾಗ್ಬಿಡತ್ತೆ. ಎರಡರಲ್ಲಿ ಒಂದಕ್ಕೆ ಹೇಳಿಕೊಡ್ಬೇಕು ಅಷ್ಟೇ. ಲಿನಕ್ಸಿನ ಟೈಮ್‌ಡೇಟ್‌ಸಿಟಿಎಲ್ (timedatectl) ಕಮಾಂಡಲ್ಲಿ ಆರ್‌ಟಿಸಿ ಲೋಕಲ್ ಟೈಮಲ್ಲಿ ಇರ್ಲಿ ಅಂತ ಹೇಳೋದು ಸುಲಭ, ವಿಂಡೋಸ್ ರಿಜಿಸ್ಟ್ರಿಯಲ್ಲಿ, ಅಂದ್ರೆ ಅದರ ಒಳಗಿನ ಸೆಟ್ಟಿಂಗ್ ಪಟ್ಟಿಯಲ್ಲಿ, ವಿಶ್ವಮಾನ ಸಮಯ ಓದು ಅಂತ ಹೇಳೋದು ನನಗೆ ಇನ್ನೂ ಸರಿ ಅನ್ಸತ್ತೆ, ಆದ್ರೆ ರಿಜಿಸ್ಟ್ರಿ ಕೈಯಾಡಿಸೋ ಅಭ್ಯಾಸ ಇಲ್ದೇ ಇದ್ರೆ ಮೊದಲಿನದ್ದೇ ಸಾಕು.

ಅರ್ಧ ಗಂಟೆ ತಪ್ಪು ಇದ್ರೆ ಟೈಮ್ ಝೋನ್ ಪಟ್ಟಿಯಲ್ಲಿ ಯಾರೋ ಮೇಲೆ ಕೆಳಗೆ ಒತ್ತಿದಾರೆ. ಕರಾಚಿ ಒತ್ತಿದ್ರೆ ಅರ್ಧ ಗಂಟೆ ಹಿಂದೆ, ಢಾಕಾ ಒತ್ತಿದ್ರೆ ಅರ್ಧ ಗಂಟೆ ಮುಂದೆ, ಕಠ್ಮಂಡು ಆದ್ರೆ ಕಾಲು ಗಂಟೆ ಮುಂದೆ. ಹನ್ನೆರಡೂವರೆ ಅಥವಾ ಹದಿಮೂರೂವರೆ ಗಂಟೆ ಹಿಂದೆ ಇದ್ರೆ ಅದು ಅಮೆರಿಕದ ಪಶ್ಚಿಮ ತೀರದ ಝೋನ್, ಹೊಸದಾಗಿ ವಿಂಡೋಸ್ ಹಾಕಿದವ್ರು ಬದಲಾಯಿಸೋಕೆ ಮರೆತಿರ್ತಾರೆ. ಸಿಸಿಟಿವಿ ರೆಕಾರ್ಡ್ ಮಾಡೋ ಡಿವಿಆರ್ ಪೆಟ್ಟಿಗೆಗಳಲ್ಲಿ ಎರಡೂವರೆ ಗಂಟೆ ಮುಂದೆ ಓಡೋದು ನಾನು ಕಾರವಾರದಿಂದ ಹೊನ್ನಾವರದ ತನಕ ಸುಮಾರು ಅಂಗಡಿಗಳಲ್ಲಿ ನೋಡಿದ್ದೀನಿ, ಅದು ಚೀನಾದ ಝೋನ್. ಇದನ್ನ ಚಿಕ್ಕ ವಿಷಯ ಅಂತ ಬಿಡ್ಬೇಡಿ. ಕಳ್ಳತನ ಆಗಿ ಪೊಲೀಸರು ರಾತ್ರಿ 11ರ ಫೂಟೇಜ್ ಕೇಳಿದಾಗ ರೆಕಾರ್ಡಲ್ಲಿ ಅದು ಮಾರನೇ ದಿನದ ಬೆಳಗಿನ ಜಾವ 1:30 ಅಂತ ಇರತ್ತೆ, ಆಮೇಲೆ ಯಾವುದು ಯಾವಾಗಿಂದು ಅಂತ ವಿವರಿಸೋಕೆ ಅಂಗಡಿಯವರೇ ಒದ್ದಾಡ್ಬೇಕು. ನಿಮ್ಮಲ್ಲಿ ಡಿವಿಆರ್ ಇದ್ರೆ ಇದನ್ನ ಓದಿ ಮುಗಿಸಿದ ಮೇಲೆ ಹೋಗಿ ಅದರ ಟೈಮ್ ಒಂದ್ಸಲ ನೋಡಿ ದಯವಿಟ್ಟು.

1970 ಜನವರಿ 1, ಬೆಳಿಗ್ಗೆ 5:30 ಅಂತ ಕಂಡ್ರೆ ಅದು ಸೊನ್ನೆ. ಲಿನಕ್ಸಿನಂಥ ಯುನಿಕ್ಸ್ ವಂಶದ ಸಿಸ್ಟಮ್‌ಗಳು 1970 ಜನವರಿ 1ರ ವಿಶ್ವಮಾನ ಮಧ್ಯರಾತ್ರಿಯಿಂದ ಎಷ್ಟು ಸೆಕೆಂಡ್ ಆಯ್ತು ಅಂತ ಎಣಿಸ್ತಾವೆ, ಆ ಮಧ್ಯರಾತ್ರಿ ನಮ್ಮಲ್ಲಿ ಬೆಳಗಿನ ಐದೂವರೆ. ಯಾವುದೋ ಪ್ರೋಗ್ರಾಮಿಗೆ ಟೈಮ್ ಸಿಗ್ಲೇ ಇಲ್ಲ, ಖಾಲಿ ಜಾಗ ಓದಿ ತೋರಿಸ್ತಿದೆ ಅಂತ ಅರ್ಥ. ಬ್ಯಾಟರಿ ಗಡಿಯಾರವೇ ಇಲ್ಲದ ಸಣ್ಣ ರೌಟರ್‌ಗಳು ಕರೆಂಟ್ ಹೋಗಿ ಬಂದಾಗ ಲಾಗಲ್ಲಿ ಹೀಗೇ ತೋರಿಸ್ತಾವೆ, ನೆಟ್ ಸಿಕ್ಕ ಕೂಡ್ಲೇ ಸರಿಯಾಗತ್ತೆ, ಅದು ದೋಷ ಅಲ್ಲ. ಇದೇ ಎಣಿಕೆಯನ್ನ ಹಳೇ 32 ಬಿಟ್ ಜಾಗದಲ್ಲಿ ಇಡೋ ಯಂತ್ರಗಳಿಗೆ 2038 ಜನವರಿ 19ರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಜಾಗ ಮುಗಿದು 1901ಕ್ಕೆ ಬೀಳತ್ತೆ, ಅದು ಇನ್ನೂ ದೂರ ಇದೆ, ಆದ್ರೆ ಹದಿನೈದಿಪ್ಪತ್ತು ವರ್ಷ ಓಡ್ಲಿ ಅಂತ ಈಗ ತಗೊಳ್ಳೋ ಯಂತ್ರ ಆದ್ರೆ ಕೇಳಿ ತಗೊಳ್ಳಿ.

ವಖಾರಿಯ ಹಾಗೆ ಯಾವಾಗ್ಲೂ ಒಂದೇ ಹಳೇ ವರ್ಷದ ಜನವರಿ 1ಕ್ಕೆ ಹೋಗ್ತಿದ್ರೆ ಅದು ಆ ಬೋರ್ಡ್ ಮಾಡಿದವ್ರು ಬರೆದಿಟ್ಟ ಆರಂಭದ ತಾರೀಕು. ವರ್ಷ ಬೋರ್ಡಿಂದ ಬೋರ್ಡಿಗೆ ಬೇರೆ. ಅದು ಕಂಡ್ರೆ ಬೋರ್ಡಿನ ಗಡಿಯಾರಕ್ಕೆ ಕರೆಂಟ್ ಪೂರಾ ತಪ್ಪಿ ಹೋಗಿತ್ತು ಅಂತ ಅರ್ಥ. ಆನ್ ಮಾಡುವಾಗ ಸಿಮೋಸ್ ಚೆಕ್‌ಸಮ್ ಎರರ್ (ಬೋರ್ಡ್ ನೆನಪಿಟ್ಟ ಸೆಟ್ಟಿಂಗ್ ಕೆಟ್ಟಿದೆ ಅಂತ), ಎಫ್ 1 ಒತ್ತಿ ಅಂತ ಬಂದ್ರೆ ಅದೂ ಇದರ ಜೊತೆಗಾರನೇ.

ವಖಾರಿಯಲ್ಲಿ ಏನಾಗಿತ್ತು

ನಾನು ಹೋಗೋಕೆ ಹತ್ತು ದಿನ ಮೊದ್ಲು ಬೇರೆ ಒಬ್ರು ಬಂದು ಸೆಲ್ ಬದಲಾಯಿಸಿ ಹೋಗಿದ್ರು. ಆದ್ರೂ ಅದೇ ರಗಳೆ. ಬೋರ್ಡೇ ಹೋಗಿದೆ, ಹೊಸ ಕಂಪ್ಯೂಟರ್ ತಗೊಳ್ಳಿ ಅಂತ ಯಾರೋ ಹೇಳಿ, ಅವರೂ ಹೆಚ್ಚು ಕಮ್ಮಿ ಒಪ್ಪಿದ್ರು. ನಾನು ಕೇಳಿದ ಮೊದಲ ಪ್ರಶ್ನೆ, ದಿನಾ ತಪ್ಪತ್ತಾ ಅಥವಾ ಕೆಲವು ದಿನ ಮಾತ್ರಾನಾ ಅಂತ. ಅದಕ್ಕೆ ಅವರು, "ಒಂದೊಂದಿನ ಸರಿ ಇರ್ತು, ಎಂತಕ್ಕೆ ಹೇಳಿ ಗೊತ್ತಿಲ್ಲೆ" ಅಂದ್ರು. ಆ ಒಂದೊಂದಿನ ಯಾವುದು ಅಂತ ಕೆದಕಿದ್ದಕ್ಕೆ ಹೊರಗೆ ಬಂತು. ರಾತ್ರಿ ಬಾಗಿಲು ಹಾಕುವಾಗ ಸಿಡಿಲಿಗೆ ಹೆದರಿ ಗೋಡೆಯ ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತಿಟ್ಟು ಹೋಗ್ತಾರೆ, ಹುಡುಗ ಅದನ್ನ ಮರೆತು ಹೋದ ದಿನ ಮಾತ್ರ ಬೆಳಿಗ್ಗೆ ಟೈಮ್ ಸರಿ ಇರತ್ತೆ.

ಇಲ್ಲೇ ಅರ್ಧ ಕೆಲಸ ಮುಗೀತು. ಕಂಪ್ಯೂಟರ್ ಶಟ್‌ಡೌನ್ ಆಗಿದ್ರೂ ಗೋಡೆಯ ಸ್ವಿಚ್ ಆನ್ ಇದ್ರೆ ಪವರ್ ಸಪ್ಲೈ ಒಂದು ಸಣ್ಣ 5 ವೋಲ್ಟ್ ಸ್ಟ್ಯಾಂಡ್‌ಬೈ ಕರೆಂಟ್ ಕೊಡ್ತಾನೇ ಇರತ್ತೆ, ಬೋರ್ಡಿನ ಗಡಿಯಾರ ಅದ್ರಲ್ಲೇ ಓಡತ್ತೆ, ಸೆಲ್ಲಿನ ಖರ್ಚೇ ಇಲ್ಲ. ಪ್ಲಗ್ ಕಿತ್ತ ಮೇಲೆ ಮಾತ್ರ ಸೆಲ್ಲಿನ ಪಾಳಿ. ಅಂದ್ರೆ ಗಡಿಯಾರ ಸರಿ ಇದೆ, ಹರಳು ಸರಿ ಇದೆ, ಬೋರ್ಡ್ ಸರಿ ಇದೆ, ಸೆಲ್ಲಿಂದ ಗಡಿಯಾರಕ್ಕೆ ಹೋಗೋ ದಾರಿಯಲ್ಲಿ ಮಾತ್ರ ಏನೋ ಆಗಿದೆ. ನಮ್ಮ ಘಟ್ಟದ ಮೇಲೆ ಏಪ್ರಿಲ್ ಮೇ ತಿಂಗಳ ಗುಡುಗು ಸಿಡಿಲಿಗೆ ಪ್ಲಗ್ ಕೀಳೋದು ಸರಿಯಾದ ಅಭ್ಯಾಸವೇ, ಬಿಡ್ಬೇಡಿ, ಆದ್ರೆ ಅದರಿಂದ ಸೆಲ್ ಬೇಗ ಖಾಲಿಯಾಗತ್ತೆ ಅನ್ನೋದು ನೆನಪಿರ್ಲಿ.

ಕ್ಯಾಬಿನೆಟ್ ತೆಗೆದೆ. ಮೊದ್ಲು ಬಯೋಸ್, ಅಂದ್ರೆ ವಿಂಡೋಸಿಗಿಂತ ಮುಂಚೆ ಏಳೋ ಬೋರ್ಡಿನದೇ ಪ್ರೋಗ್ರಾಮಿನ ಸೆಟಪ್ಪಿನ ಎಲ್ಲಾ ಪುಟದ ಫೋಟೋ ಹೊಡ್ಕೊಂಡಿದ್ದೆ, ಯಾಕಂದ್ರೆ ಸೆಲ್ ತೆಗೆದಾಗ ಸೆಟ್ಟಿಂಗ್ ಹಾರಿ ಹೋದ್ರೆ ಡಿಸ್ಕ್ ಮೋಡ್ ಬದಲಾಗಿ ವಿಂಡೋಸೇ ಏಳದೇ ಇರ್ಬೋದು. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕೋ ಬೀಗ) ಹಾಕಿರೋ ಯಂತ್ರ ಆದ್ರೆ ರಿಕವರಿ ಕೀ ಕೈಯಲ್ಲಿ ಇಟ್ಕೊಂಡೇ ಸೆಲ್ಲಿಗೆ ಕೈ ಹಾಕಿ, ಇಲ್ದಿದ್ರೆ ನಿಮ್ಮ ಡೇಟಾಕ್ಕೆ ನೀವೇ ಹೊರಗಿನವರಾಗ್ತೀರಿ. ಪ್ಲಗ್ ಕಿತ್ತು, ಪವರ್ ಬಟನ್ ಒಂದೆರಡು ಸಲ ಒತ್ತಿ, ಆಮೇಲೆ ಸೆಲ್ ತೆಗೆದೆ. ಸಿಆರ್ 2032, ಅಂದ್ರೆ 20 ಮಿಲಿಮೀಟರ್ ಅಗಲ 3.2 ಮಿಲಿಮೀಟರ್ ದಪ್ಪದ ಲಿಥಿಯಂ ಗುಂಡಿ ಸೆಲ್. ಮೀಟರ್ ಇಟ್ರೆ 3.1 ವೋಲ್ಟ್. ಹೊಸದೇ, ಚೆನ್ನಾಗಿದೆ. ಇದು 2.7ಕ್ಕಿಂತ ಕೆಳಗೆ ಬಂದಿದ್ರೆ ಎರಡನೇ ಯೋಚನೆ ಇಲ್ದೇ ಬದಲಾಯಿಸ್ತಿದ್ದೆ.

ಆದ್ರೆ ಸೆಲ್ ಕೂರೋ ಗುಂಡಿಯ ತಳದಲ್ಲಿ, ಮೈನಸ್ ಕಡೆಯ ತಗಡಿನ ನಾಲಿಗೆ ಮೇಲೆ, ಹಸಿರು ಕಿಲುಬು. ತಾಮ್ರದ ಹಂಡೆ ತೊಳೀದೆ ಬಿಟ್ರೆ ಬರತ್ತಲ್ಲ, ಅದೇ ಬಣ್ಣ. ಸಾಲದ್ದಕ್ಕೆ ಆ ನಾಲಿಗೆ ಒತ್ತಿ ಒತ್ತಿ ಚಪ್ಪಟೆಯಾಗಿ ಸೆಲ್ಲಿಗೆ ಸರಿ ತಾಗ್ತಾನೇ ಇರ್ಲಿಲ್ಲ. ಸೆಲ್ ವಾಪಸ್ ಕೂರಿಸಿ ನಾಲಿಗೆಯ ಬುಡದಲ್ಲಿ ಮೀಟರ್ ಇಟ್ರೆ ಒಂದ್ಸಲ 3.1, ಕ್ಯಾಬಿನೆಟ್ಟಿಗೆ ಬೆರಳಲ್ಲಿ ತಟ್ಟಿದ್ರೆ 0.8, ಮತ್ತೆ 2 ಚಿಲ್ಲರೆ, ನಿಲ್ತಾನೇ ಇಲ್ಲ. ನಾಲ್ಕು ತಿಂಗಳು ಬಿಡದೇ ಮಳೆ ಬರೋ ಊರಲ್ಲಿ ಗೋಡೆಗೆ, ಚಪ್ಪಲಿಗೆ, ಪುಸ್ತಕಕ್ಕೆ ಬೂಷ್ಟು ಬರುವಾಗ ಕಂಪ್ಯೂಟರ್ ಒಳಗೆ ಬರೋದೇನು ದೊಡ್ಡದಲ್ಲ. ಕಾರವಾರ ಅಂಕೋಲಾ ಕಡೆ ಸಮುದ್ರದ ಉಪ್ಪು ಗಾಳಿ ಬೇರೆ ಸೇರಿ ಇನ್ನೂ ಬೇಗ ತಿನ್ನತ್ತೆ. ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹಳೇ ಟೂತ್‌ಬ್ರಶ್ಶಲ್ಲಿ ಉಜ್ಜಿ, ಪೂರ್ತಿ ಒಣಗಿಸಿ, ಪೆನ್ಸಿಲ್ ರಬ್ಬರಲ್ಲಿ ಮೆಲ್ಲಗೆ ತಿಕ್ಕಿ, ಸಣ್ಣ ಚಿಮುಟದಲ್ಲಿ ನಾಲಿಗೆಯನ್ನ ಒಂದು ಕೂದಲಿನಷ್ಟು ಮೇಲೆತ್ತಿದೆ. ಸೆಲ್ಲಿನ ಅಂಚು ಹಿಡಿದೇ ಕೂರಿಸಿ, ಬರಿಗೈಯಿನ ಎಣ್ಣೆ ಮುಖದ ಮೇಲೆ ತಾಗದ ಹಾಗೆ. ಈಗ ತಟ್ಟಿದ್ರೂ 3.1 ಅಲ್ಲಾಡ್ಲಿಲ್ಲ.

ತೆಗೆದ ಹಳೇ ಸೆಲ್ ಮೇಜಿನ ಮೇಲೆ ಬಿಡ್ಬೇಡಿ. ಮಕ್ಕಳು ನುಂಗಿದ್ರೆ ಎರಡು ಗಂಟೆಯೊಳಗೇ ಅನ್ನನಾಳ ಸುಡತ್ತೆ. ಟೇಪ್ ಸುತ್ತಿ ಬೇರೆ ಇಡಿ, ಯಾರಾದ್ರೂ ನುಂಗಿದ ಅನುಮಾನ ಬಂದ್ರೂ ನೇರ ಆಸ್ಪತ್ರೆಗೆ ಓಡಿ.

ಹಳೇ ತಾರೀಕಿಗೆ ಬೀಳಲ್ಲ, ಆದ್ರೆ ಸ್ವಲ್ಪ ಸ್ವಲ್ಪ ಹಿಂದೆ ಬೀಳತ್ತೆ

ಇದು ಹಿಡಿಯೋದು ಕಷ್ಟ, ಯಾಕಂದ್ರೆ ಸ್ವಲ್ಪ ತಪ್ಪೋದು ಆ ಹರಳಿನ ಸ್ವಭಾವವೇ. ಸಾಮಾನ್ಯ ಹರಳು ಹತ್ತು ಲಕ್ಷಕ್ಕೆ 20ರಷ್ಟು ಆಚೀಚೆ ಇರತ್ತೆ, ಅಂದ್ರೆ ದಿನಕ್ಕೆ ಸುಮಾರು 1.7 ಸೆಕೆಂಡ್, ತಿಂಗಳಿಗೆ ಒಂದು ನಿಮಿಷಕ್ಕಿಂತ ಸ್ವಲ್ಪ ಕಮ್ಮಿ. ಅದೂ ಅಲ್ದೆ 25 ಡಿಗ್ರಿ ಸೆಖೆಗೆ ಸರಿಯಾಗಿ ಹೊಂದಿಸಿದ ಹರಳು ಸೆಖೆ ಜಾಸ್ತಿಯಾದ್ರೂ ನಿಧಾನ, ಥಂಡಿಯಾದ್ರೂ ನಿಧಾನ. ಮೇ ತಿಂಗಳಲ್ಲಿ ಕಾರವಾರದ ತಗಡಿನ ಮಾಡಿನ ಅಂಗಡಿಯಲ್ಲಿ ಕ್ಯಾಬಿನೆಟ್ ಒಳಗೆ 45 ಡಿಗ್ರಿ ಆದ್ರೆ ಅದೊಂದಕ್ಕೇ ದಿನಕ್ಕೆ ಒಂದು ಸೆಕೆಂಡಿನ ಮೇಲೆ ಹಿಂದೆ ಬೀಳತ್ತೆ. ಇಷ್ಟನ್ನ ರಿಪೇರಿ ಮಾಡೋಕೆ ಹೋಗ್ಬೇಡಿ. ದಿನಕ್ಕೆ ಐದು ಹತ್ತು ನಿಮಿಷ ಹೋಗ್ತಿದ್ರೆ ಅದು ದೋಷ.

ಅದನ್ನ ಹಿಡಿಯೋಕೆ ನಾನು ಮೂರು ದಿನ ತಗೋತೀನಿ, ಅವಸರ ಮಾಡಿದ್ರೆ ಆಗಲ್ಲ. ಮೊದ್ಲು ವಿಂಡೋಸಲ್ಲಿ ತಾನಾಗಿ ಟೈಮ್ ಹೊಂದಿಸೋದನ್ನ ಆಫ್ ಮಾಡಿ, ನೆಟ್ ವೈರ್ ತೆಗೆದು, ಮೊಬೈಲಿಗೆ ಸೆಕೆಂಡ್ ಸಮೇತ ಹೊಂದಿಸ್ತೀನಿ. ಮೊದಲ ರಾತ್ರಿ ಶಟ್‌ಡೌನ್ ಮಾಡಿ ಪ್ಲಗ್ ಕೀಳ್ತೀನಿ, ಬೆಳಿಗ್ಗೆ ವಿಂಡೋಸ್ ಬರೋಕೆ ಬಿಡದೇ ನೇರ ಬಯೋಸ್ ಒಳಗೆ ಹೋಗಿ ಟೈಮ್ ನೋಡ್ತೀನಿ. ಎರಡನೇ ರಾತ್ರಿ ಶಟ್‌ಡೌನ್, ಆದ್ರೆ ಪ್ಲಗ್ ಮತ್ತು ಸ್ವಿಚ್ ಆನ್. ಮೂರನೇ ದಿನ ಹಗಲಿಡೀ ಕಂಪ್ಯೂಟರ್ ಆನ್ ಇಟ್ಟು ಸಂಜೆ ನೋಡ್ತೀನಿ. ಮೊದಲನೇ ರಾತ್ರಿ ಮಾತ್ರ ತಪ್ಪಿದ್ರೆ ಸೆಲ್ ಅಥವಾ ಅದರ ನಾಲಿಗೆ. ಎರಡು ರಾತ್ರಿಯೂ ಒಂದೇ ಥರ ತಪ್ಪಿದ್ರೆ ಹರಳು ಅಥವಾ ಅದರ ಸುತ್ತಲ ಕೊಳೆ, ಅಲ್ಲಿ ತೇವ ಕೂತ್ರೂ ಹರಳಿನ ಲಯ ಕೆಡತ್ತೆ, ಮೊದ್ಲು ಆಲ್ಕೋಹಾಲಲ್ಲಿ ತೊಳೆದು ನೋಡಿ. ಆನ್ ಇದ್ದಾಗ ಮಾತ್ರ ತಪ್ಪಿ, ಆಗ ಬಯೋಸ್ ಒಳಗೆ ಹೋಗಿ ನೋಡಿದ್ರೆ ಸರಿ ಇದ್ರೆ ಬೋರ್ಡ್ ಬಿಟ್ಬಿಡಿ, ತಪ್ಪು ಆಪರೇಟಿಂಗ್ ಸಿಸ್ಟಮ್ಮಿನ ಎಣಿಕೆಯಲ್ಲಿ, ಬಯೋಸ್ ಅಪ್‌ಡೇಟ್ ಅಥವಾ ಹಾಳು ಡ್ರೈವರ್ ಕಡೆ ಹುಡುಕಿ.

ನೆಟ್ಟಿಂದ ಯಾಕೆ ಸರಿಯಾಗಿಲ್ಲ

ನೆಟ್ ಇದ್ರೂ ವಖಾರಿಯ ಕಂಪ್ಯೂಟರ್ ತನ್ನನ್ನ ತಾನೇ ಯಾಕೆ ತಿದ್ಕೊಳ್ಳಿಲ್ಲ ಅಂತ ಕೇಳ್ತೀರಿ. ವಿಂಡೋಸಿನ ಟೈಮ್ ಸರ್ವಿಸ್‌ಗೆ ಒಂದು ಮಿತಿ ಇದೆ, ಮನೆ ಅಂಗಡಿಯ ಸಾಮಾನ್ಯ ಕಂಪ್ಯೂಟರಲ್ಲಿ ಅದು 15 ಗಂಟೆ. ಅದಕ್ಕಿಂತ ಜಾಸ್ತಿ ವ್ಯತ್ಯಾಸ ಕಂಡ್ರೆ ಸರ್ವರ್ ಹೇಳಿದ್ದೇ ತಪ್ಪಿರ್ಬೋದು ಅಂತ ಅದು ಮುಟ್ಟಲ್ಲ. ಇದು ಒಳ್ಳೇ ಎಚ್ಚರಿಕೆ, ಆದ್ರೆ ವರ್ಷಗಟ್ಟಲೆ ಹಿಂದೆ ಬಿದ್ದ ಯಂತ್ರ ಹಾಗೇ ಉಳ್ಕೊಳ್ಳತ್ತೆ. ಹಾಗಾಗಿ ಮೊದ್ಲು ಝೋನ್ ನೋಡಿ, ತಾರೀಕು ಟೈಮ್ ಕೈಯಲ್ಲಿ ಹತ್ತಿರಕ್ಕೆ ತಂದು, ಆಮೇಲೆ ಸೆಟ್ಟಿಂಗ್ಸಲ್ಲಿ ಸಿಂಕ್ ನೌ ಒತ್ತಿ. ಆಗ್ಲೂ ಆಗ್ದಿದ್ರೆ ಸರ್ವಿಸಸ್ ಪಟ್ಟಿಯಲ್ಲಿ ವಿಂಡೋಸ್ ಟೈಮ್ ನಿಂತಿದ್ಯಾ ನೋಡಿ, ನಂತರ ನೆಟ್ಟಿನ ಕಾವಲುಗಾರ ಫೈರ್‌ವಾಲ್ ನೋಡಿ, ಸರ್ವರ್ ಜೊತೆಗಿನ ಈ ಮಾತುಕತೆ ಹೋಗೋದು ಯುಡಿಪಿ 123ನೇ ಪೋರ್ಟ್ ಅನ್ನೋ ಬಾಗಿಲಲ್ಲಿ, ಕೆಲವು ಆಫೀಸಲ್ಲಿ ಅದನ್ನ ಮುಚ್ಚಿರ್ತಾರೆ.

ಆ ಮಾತುಕತೆಗೆ ಎನ್‌ಟಿಪಿ ಅಂತ ಹೆಸರು, ಡೇವಿಡ್ ಮಿಲ್ಸ್ ಅನ್ನೋರು ರೂಪಿಸಿದ್ದು, 1985ರಿಂದ ಬಳಕೆಯಲ್ಲಿದೆ. ಅದರ ಉಪಾಯ ನನಗೆ ತುಂಬಾ ಇಷ್ಟ. ಶಿರಸಿಯಿಂದ ಕಾರವಾರಕ್ಕೆ ಬಸ್ಸಲ್ಲಿ ಒಂದು ಚೀಟಿ ಕಳಿಸಿ ಅಲ್ಲಿ ಟೈಮ್ ಎಷ್ಟು ಅಂತ ಕೇಳಿದ್ರಿ ಅಂದ್ಕೊಳ್ಳಿ, ಉತ್ತರ ಬರೋ ಹೊತ್ತಿಗೆ ಆ ಟೈಮ್ ಹಳೇದಾಗಿರತ್ತೆ. ಅದಕ್ಕೆ ಚೀಟಿ ಮೇಲೆ ನಾಲ್ಕು ಸಲ ಟೈಮ್ ಬರೀತಾರೆ, ಇಲ್ಲಿಂದ ಹೊರಟಿದ್ದು, ಅಲ್ಲಿ ತಲುಪಿದ್ದು, ಅಲ್ಲಿಂದ ಹೊರಟಿದ್ದು, ಇಲ್ಲಿ ತಲುಪಿದ್ದು. ನಾಲ್ಕನ್ನೂ ಇಟ್ಟು ಕಳೆದು ಕೂಡಿದ್ರೆ ದಾರಿಯ ಹೊತ್ತು ಎಷ್ಟು, ಗಡಿಯಾರದ ತಪ್ಪು ಎಷ್ಟು ಅಂತ ಬೇರೆ ಬೇರೆ ಸಿಗತ್ತೆ. ಹೋಗೋಕೆ ಬರೋಕೆ ಸಮ ಹೊತ್ತು ಹಿಡೀತು ಅಂತ ಮಾತ್ರ ನಂಬ್ಕೋಬೇಕು, ಹೋಗ್ತಾ ದೇವಿಮನೆ ಘಟ್ಟದಲ್ಲಿ ಬಸ್ಸು ನಿಂತ್ಬಿಟ್ರೆ ಆ ಹೆಚ್ಚಿನ ಹೊತ್ತಿನ ಅರ್ಧದಷ್ಟು ತಪ್ಪು ನಿಮ್ಮ ಗಡಿಯಾರಕ್ಕೆ ಸೇರತ್ತೆ. ಹಳ್ಳಿ ಕಡೆ ನೆಟ್ ಎಳೀತಾ ಇರುವಾಗ ಕೆಲವು ಮಿಲಿಸೆಕೆಂಡ್ ಆಚೀಚೆ ಆಗೋದು ಇದರಿಂದ್ಲೇ, ಬಿಲ್ಲಿಂಗಿಗೆ ಅದು ಲೆಕ್ಕಕ್ಕಿಲ್ಲ.

ಇನ್ನು ಹಳೇ ವಿಂಡೋಸ್ ಡೀಫಾಲ್ಟಾಗಿ ವಾರಕ್ಕೆ ಒಂದೇ ಸಲ ಸರ್ವರ್ ಕೇಳ್ತಿತ್ತು, ಹಾಗಾಗಿ ವಾರದ ಕೊನೆಗೆ ಹತ್ತು ಹನ್ನೆರಡು ಸೆಕೆಂಡ್ ವ್ಯತ್ಯಾಸ ಕಂಡ್ರೆ ಗಾಬರಿ ಬೇಡ. ಮೊಬೈಲಿನ ಓಟಿಪಿ ಆಪ್ ಕೋಡ್ ತಪ್ಪು ಅಂತಿದ್ರೆ ಮಾತ್ರ ಮೊಬೈಲಿನ ಟೈಮ್ ನೋಡಿ, ಆ ಕೋಡ್ 30 ಸೆಕೆಂಡಿಗೆ ಒಂದ್ಸಲ ಗಡಿಯಾರ ನೋಡಿಯೇ ಹುಟ್ಟೋದು.

ವಖಾರಿಯಲ್ಲಿ ಕೆಲಸ ಮುಗಿಸಿ, ಸೆಲ್ ಹಾಕಿದ ತಾರೀಕು, ಅದರ ವೋಲ್ಟೇಜ್ ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿನ ಪಕ್ಕಕ್ಕೆ ಅಂಟಿಸಿ ಬಂದೆ, ವಾರ ಪೂರ್ತಿ ಸಿಂಕ್ ಆಫ್ ಇಟ್ಟು ರಾತ್ರಿ ಎಂದಿನ ಹಾಗೇ ಪ್ಲಗ್ ಕೀಳಿ ಅಂದಿದ್ದೆ. ಎಂಟನೇ ದಿನ ಅವರೇ ಮೊಬೈಲ್ ಪಕ್ಕ ಇಟ್ಕೊಂಡು ಫೋನ್ ಮಾಡಿದ್ರು, "ಒಂಬತ್ತು ಸೆಕೆಂಡು ಹಿಂದೆ ಇದ್ದು ತಮಾ, ಅಡ್ಡಿಲ್ಯಾ?" ಅಡ್ಡಿಲ್ಲ, ಅಷ್ಟು ಆ ಹರಳಿಂದೇ, ಈಗ ಸಿಂಕ್ ಆನ್ ಮಾಡ್ಬಿಡಿ ಅಂದೆ.